ಮಿರಗದ ಹುಳದ ಪಟ್ಟಿ

ವರ್ಷಕ್ಕೊಮ್ಮೆಯಾದರೂ ಯಾವುದೋ ಸಾಲೆಯವರು ತೆಂಗಿನಕಾಯಿ ಹಿಡಿದು ನಮ್ಮ ಮನೆಗೆ ಬರುತ್ತಾರೆ. ‘ವಿಜ್ಞಾನದ ಉಪಯೋಗಗಳು’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕು ಎನ್ನುತ್ತಾರೆ. ನಾನು ಚಹಾ ಕೊಟ್ಟು, ಮೊಣಕಾಲು ನೋವೆಂದು ಹೇಳಿ ಕಳಿಸಿಬಿಡುತ್ತೇನೆ. ಮೊಣಕಾಲು ನೋಯುವುದು ಸುಳ್ಳಲ್ಲ. ಆದರೆ ಜೀವಮಾನವೆಲ್ಲ ಹೆಣ್ಣುಮಕ್ಕಳ ಸಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಆ ‘ಉಪಯೋಗ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತದೆ. ಆ ಶಬ್ದ ನಮ್ಮ ತಂದೆಯವರ ಕೆಲಸವನ್ನು ಹೇಗೆ ಉಳಿಸಿತು, ಉಳಿಸಿ ಹೇಗೆ ಕೊಂದಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಂದೆಯವರು ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಗಿಡ್ಡ ಆಳು, ಕರಿಯ ಟೋಪಿ, ಮಾತು ಕಡಿಮೆ. ಹತ್ತಿರದ ಹೆಬ್ಬಳ್ಳಿಯ ಗೌಡರೊಬ್ಬರ ತಮ್ಮ ಅವರ ವಿದ್ಯಾರ್ಥಿಯಾಗಿದ್ದ. ಆ ಗುರುತಿನಿಂದ ಗೌಡರು ಚಳಿಗಾಲದಲ್ಲಿ ನಮ್ಮನ್ನೆಲ್ಲ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನಲು ಹೊಲಕ್ಕೆ ಕರೆಯುವರು. ನಾವು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲ. ಕಾಕು ನಮ್ಮ ಕೈಯಲ್ಲಿ ಬಿಸಿ ರೊಟ್ಟಿ ಇಟ್ಟು, ಅದರ ಮೇಲೆ ಬೆಣ್ಣೆಯ ಮುದ್ದೆ ಇಟ್ಟು, ಅದು ಕರಗುವ ಮೊದಲೇ ತಿನ್ನಬೇಕೆಂದು ಗದರಿಸುವರು. ಅಂಥ ಗದರಿಕೆ ಮುಂದೆ ಯಾರಿಂದಲೂ ನನಗೆ ಸಿಗಲಿಲ್ಲ.

ಮಿರಗದ ಹುಳ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮೃಗಶಿರಾ ಮಳೆ ಬಿದ್ದ ಮರುದಿನ ಎರೆಹೊಲದ ಕರಿ ಮಣ್ಣಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಮಕಮಲ್ಲಿನ ಪುಟ್ಟ ಹುಳಗಳು ಹರಿದಾಡುತ್ತವೆ. ಹುಡುಗರು ಕಡ್ಡಿಪೆಟ್ಟಿಗೆಯಲ್ಲಿ ಹಿಡಿದಿಟ್ಟು ಹುಲ್ಲು ಹಾಕುತ್ತಾರೆ. ಅವು ಹುಲ್ಲು ತಿನ್ನುವುದಿಲ್ಲ, ಸಾಯುತ್ತವೆ. ನಾಲ್ಕು ದಿನ ಕಳೆದರೆ ಹೊಲದಲ್ಲಿ ಒಂದೂ ಕಾಣುವುದಿಲ್ಲ. ಒಂದು ವರ್ಷ ಮೊದಲ ಮಳೆಗೆ ನಾವು ಹೆಬ್ಬಳ್ಳಿಯಲ್ಲೇ ಇದ್ದೆವು. ಕಾಕು ಅಂಗೈಯಲ್ಲಿ ಒಂದು ಹುಳ ಬಿಟ್ಟುಕೊಂಡು ಬದುವಿನ ಮೇಲೆ ನಿಂತು ತಂದೆಯವರನ್ನು ಕೇಳಿದರು:

“ಮಾಸ್ತರ, ಇವು ಉಳದ ದಿನಾ ಎಲ್ಲಿ ಇರ್ತಾವ್ರಿ?”

ತಂದೆಯವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರು. ಪುಸ್ತಕದಲ್ಲಿ ಬೇರೆ ದೇಶದ ಹುಳಗಳ ವಿಚಾರ ಇತ್ತು, ಹೆಬ್ಬಳ್ಳಿಯ ಹುಳದ ಸುದ್ದಿ ಇರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಅವರ ಹುಚ್ಚು. ಅದನ್ನು ಹುಚ್ಚು ಎಂದವಳು ನಮ್ಮ ತಾಯಿ. ನಾನು ಆಗ ಆ ಮಾತಿಗೆ ನಕ್ಕೆ, ಈಗ ಅದೇ ಹುಚ್ಚಿನ ಮಗಳು ಎಂದು ಜಂಬ ಪಡುತ್ತೇನೆ.

ಕಾಕಾ ಹಳ್ಳದ ದಂಡೆಗೆ ಹತ್ತಿದ ಒಂದು ಪಟ್ಟಿ ನೆಲವನ್ನು ನೇಗಿಲು ತಾಗಿಸದೆ ಬಿಟ್ಟುಕೊಟ್ಟರು. ಉಳುಮೆ ಮಾಡಿದರೆ, ಹುಳ ಒಳಗಿದ್ದರೆ, ಚದರಿ ಹೋಗುತ್ತವೆ ಎಂದು ತಂದೆಯವರು ಒಂದೇ ಸಲ ಹೇಳಿದ್ದರು, ಅಷ್ಟು ಸಾಕಾಯಿತು. ತಂದೆಯವರು ಸಣ್ಣ ಕಲ್ಲು ಸಾಲಾಗಿಟ್ಟು ಪಟ್ಟಿಯನ್ನು ಪಗಡೆಯ ಮನೆಗಳಂತೆ ಪಾಲು ಮಾಡಿದರು. ಬೇಸಿಗೆಯಲ್ಲಿ ಅಗೆದು ನೋಡುವರು, ಏನೂ ಸಿಗದು. ಕಡು ಬಿಸಿಲಲ್ಲಿ ಕೊಡಗಟ್ಟಲೆ ನೀರು ಸುರಿದು, ಮಳೆ ಬಂತೆಂದು ಹುಳ ಮೋಸಹೋಗಿ ಮೇಲೆ ಬರುತ್ತವೆಯೋ ಎಂದು ಕಾದು ಕೂಡುವರು. ಒಂದೂ ಬರಲಿಲ್ಲ. ಕೊಡದ ನೀರಿಗೂ ಮಳೆಯ ನೀರಿಗೂ ಇರುವ ಭೇದ ಅವಕ್ಕೆ ಹೇಗೆ ತಿಳಿಯುತ್ತದೆ ಎಂದು ಊಟಕ್ಕೆ ಕೂತಾಗಲೂ ಅದೇ ಯೋಚನೆ. ಧಾರವಾಡದ ಕಡೆ ಆಗ ಬೇಸಿಗೆಯ ನೀರೆಂದರೆ ತುಪ್ಪವಿದ್ದ ಹಾಗೆ. “ಮನುಷ್ಯಾರಿಗೆ ಕುಡೀಲಿಕ್ಕೆ ನೀರಿಲ್ಲ, ಹುಳಕ್ಕ ಅಭಿಷೇಕ ನಡದದ,” ಎಂದು ತಾಯಿ ಗೊಣಗುವಳು.

ಆಮೇಲೆ ತಂದೆಯವರಿಗೆ ಇನ್ನೊಂದು ಯೋಚನೆ ಬಂತು. ಮಿರಗದ ದಿನ ಪಟ್ಟಿಯ ನಡುವಿನ ಒಂದು ಪಾಲಿನಲ್ಲಿ ಎದ್ದ ಹುಳಗಳ ಬೆನ್ನ ಮೇಲೆಲ್ಲ ಸಣ್ಣ ಕುಂಚದಿಂದ ಬಿಳಿ ಬಣ್ಣದ ಬೊಟ್ಟು ಇಟ್ಟರು. ಮುಂದಿನ ಮಿರಗಕ್ಕೆ ಬೊಟ್ಟಿನ ಹುಳ ಎದ್ದರೆ ಅವು ವರ್ಷವಿಡೀ ಬದುಕಿವೆ ಎಂದಾಯಿತು. ಎದ್ದ ಜಾಗ ನೋಡಿದರೆ ಅವು ಅಲ್ಲೇ ಕೆಳಗೆ ಇಳಿದಿದ್ದವೋ, ಎಲ್ಲಿಗೋ ಹೋಗಿ ಬಂದವೋ ತಿಳಿಯುತ್ತದೆ. ಒಂದು ವರ್ಷ ಕಾಯಬೇಕು, ಅಷ್ಟೆ. ನಾನೂ ಪಕ್ಕದಲ್ಲಿ ಕೂತು ಬಣ್ಣದ ಡಬ್ಬಿ ಹಿಡಿದಿದ್ದೆ. ಕಾಕಾ ಮೀಸೆಯಲ್ಲೇ ನಗುತ್ತ, “ಮಾಸ್ತರ ಹುಳಕ್ಕ ಬೊಟ್ಟು ಇಡಾಕತ್ತಾರ, ಸೀರಿ ಯಾವಾಗ ಉಡಸ್ತಾರೊ!” ಎಂದರು. ಕಾಕು ಮಾತ್ರ ನಗಲಿಲ್ಲ, ಬೊಟ್ಟು ಇಡಿಸಿಕೊಂಡ ಹುಳವನ್ನು ಬಗ್ಗಿ ನೋಡುತ್ತ ಕೂತಿದ್ದರು.

ಆ ಒಂದು ವರ್ಷದಲ್ಲಿ ಎಲ್ಲ ಕೆಟ್ಟಿತು.

ಎರಡನೆಯ ಮಹಾಯುದ್ಧದ ಕಾಲ. ಹುಬ್ಬಳ್ಳಿಯ ಪೇಟೆಯಲ್ಲಿ ಜೋಳ ಕಾಣೆಯಾಯಿತು. ರೇಷನ್ ಅಂಗಡಿಯ ಮುಂದೆ ಹೆಂಗಸರು ಚೀಲ ಹಿಡಿದು ಬಿಸಿಲಲ್ಲಿ ನಿಲ್ಲುವರು, ಕೊನೆಗೆ ಸಿಕ್ಕಿದ ಧಾನ್ಯದಲ್ಲಿ ಕಾಳಿಗಿಂತ ಹರಳೇ ಹೆಚ್ಚು. ನಮ್ಮ ಓಣಿಯ ಹುಡುಗರು ಕೆಲವರು ಸ್ವಾತಂತ್ರ್ಯದ ಮೆರವಣಿಗೆಯಲ್ಲಿ ಹೋದವರು ಜೈಲಿಗೆ ಹೋದರು. ಆ ಚಳಿಗಾಲ ಕಾಕುಗೆ ಲಕ್ವಾ ಹೊಡೆಯಿತು. ನೀರು ತರಲು ಹೋದವರು ಬಾವಿಯ ಕಟ್ಟೆಯ ಮೇಲೆ ಬಿದ್ದರು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಕಣ್ಣು ಮಾತ್ರ ಮೊದಲಿನ ಹಾಗೇ ಎಲ್ಲವನ್ನೂ ನೋಡುತ್ತಿದ್ದವು. ಸೀತನಿಗೆ ನಮ್ಮನ್ನು ಆ ವರ್ಷ ಯಾರೂ ಕರೆಯಲಿಲ್ಲ.

ಬೇಸಿಗೆಯಲ್ಲಿ ಕಾಕಾ ನಮ್ಮ ಮನೆಗೆ ಬಂದರು. ಚಹಾ ಕುಡಿಯಲಿಲ್ಲ.

“ಮಾಸ್ತರ, ಸರಕಾರಿ ಕಚೇರಿಯವ್ರು ಬಂದಿದ್ರು. ಬೀಳು ನೆಲಾ ಒಂದೂ ಇರಬಾರದಂತ, ಎಲ್ಲಾ ಬಿತ್ತಬೇಕಂತ. ನಾ ಏನ್ ಹೇಳ್ಲಿ? ಹುಳಕ್ಕ ಬಿಟ್ಟೇನಿ ಅಂದ್ರ ನಗ್ತಾರ. ಊರಾಗೂ ಮಂದಿ ಮಾತಾಡಾಕತ್ತಾರ, ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂತ. ನೀವು ಒಮ್ಮೆ ಎಲ್ಲಾರ ಮುಂದ ಹೇಳ್ರಿ. ಮಂದಿ ಹೂಂ ಅಂದ್ರ ನಾ ಪಟ್ಟಿ ಮುಟ್ಟೂದಿಲ್ಲ.”

ಧಾರವಾಡದವರಿಗೆ ವ್ಯಾಖ್ಯಾನ, ಎಂದರೆ ಉಪನ್ಯಾಸ, ಪ್ರಾಣವಿದ್ದ ಹಾಗೆ. ಊಟವಾದರೂ ಬಿಟ್ಟಾರು, ಬೇಸಿಗೆಯ ವ್ಯಾಖ್ಯಾನಮಾಲೆ ಬಿಡುವವರಲ್ಲ. ಆ ವರ್ಷ ಒಂದು ಸಂಜೆ ತಂದೆಯವರ ಪಾಲಿಗೆ ಬಂತು. ಅಧ್ಯಕ್ಷರು ನಮ್ಮ ಸೋದರಮಾವ, ತಾಯಿಯ ಅಣ್ಣ, ಹೆಸರಾದ ವಕೀಲರು. ಅಂಗಳದಲ್ಲಿ ಹಾಸಿದ ಜಮಖಾನೆ ತುಂಬಿ ಮಂದಿ ಗೋಡೆಗೆ ಆನಿಕೊಂಡು ನಿಂತಿದ್ದರು. ಹೆಬ್ಬಳ್ಳಿಯಿಂದ ಎರಡು ಚಕ್ಕಡಿ ತುಂಬ ಜನ ಬಂದಿದ್ದರು. ಕಾಕಾ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದರು.

ತಂದೆಯವರು ಚೆನ್ನಾಗಿ ಮಾತಾಡಿದರು. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಹುಳದ ಸಂಗತಿ ಬಂದರೆ ಹಾಡುವವರ ಹಾಗೆ ಆಗುತ್ತಿದ್ದರು. ಕೊಡದ ನೀರಿಗೆ ಹುಳ ಮೋಸಹೋಗದ ಕಥೆಗೆ ಸಭೆ ನಕ್ಕಿತು. ಬೊಟ್ಟಿನ ಕಥೆಗೆ ಸುಮ್ಮನಾಯಿತು. ಪ್ರಶ್ನೆಯ ಹೊತ್ತು ಬಂದಾಗ ಖಾದಿ ಉಟ್ಟ ಮುದುಕರೊಬ್ಬರು ಎದ್ದರು. ಹತ್ತಿರದ ಗರಗ ಊರಿನವರು, ನೂಲುವ ಕೆಲಸದವರು.

“ಮಾಸ್ತರ, ನಿಮ್ಮ ಮಾತು ಛಲೋ ಇತ್ರಿ. ಖರೇ ಹೇಳ್ತೇನಿ, ನನಗೂ ಚಂದ ಅನ್ನಿಸ್ತು. ಆದ್ರ ನನ್ನ ಮಗ ಜೇಲಿನ್ಯಾಗ ಅದಾನ. ಮನ್ಯಾಗ ಮೊಮ್ಮಕ್ಕಳು ಅರ್ಧಾ ರೊಟ್ಟಿ ತಿಂದು ಮಲಗ್ತಾವ. ಆ ಪಟ್ಟ್ಯಾಗ ಜೋಳಾ ಬೆಳೀಬೇಕೋ ಹುಳಾ ಬೆಳೀಬೇಕೋ? ಇದರಿಂದ ಏನ್ ಉಪಯೋಗ್ರಿ?”

ಅವರು ಹಂಗಿಸಲು ಕೇಳಿದ್ದಲ್ಲ. ಅದಕ್ಕೇ ಆ ಪ್ರಶ್ನೆ ಅಷ್ಟು ಭಾರವಾಗಿತ್ತು. ತಂದೆಯವರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಉಪಯೋಗ ಆಗಬಹುದು, ಆಗಲಿಕ್ಕಿಲ್ಲ. ನನಗ ಗೊತ್ತಿಲ್ರಿ. ಗೊತ್ತದ ಅಂದ್ರ ಸುಳ್ಳಾಗ್ತದ. ಒಬ್ರು ಕೇಳಿದ್ರು, ಇವು ಎಲ್ಲಿ ಇರ್ತಾವ ಅಂತ. ದಿನಾ ನಾವು ತುಳದಾಡೂ ನೆಲದಾಗ ಇರೂ ಜೀವ, ನಮಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ತಿಳದ ಮ್ಯಾಲೆ ಸುಮ್ಮನ ಹ್ಯಾಂಗ ಕೂಡೂದು? ರೊಟ್ಟಿ ಬೇಕು, ಇಲ್ಲ ಅನ್ನೂದಿಲ್ಲ. ಆದ್ರ ರೊಟ್ಟಿ ತಿಂದ ಮ್ಯಾಲೆ ಮನುಷ್ಯಾ ತಲಿ ಎತ್ತಿ ಏನರ ಕೇಳ್ತಾನಲ್ರಿ, ಅದೂ ಬೇಕು.”

“ತಿಂದ ಮ್ಯಾಲೆ ಅಂದ್ರಿ ನೀವ. ತಿಂದ ಮ್ಯಾಲೆ ನಾನೂ ಕೇಳ್ತೇನ್ರಿ,” ಎಂದು ಮುದುಕರು ಕೂತರು.

ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಟ್ಟಿ ಹೋಯಿತೆಂದು ನನಗೆ ಅಲ್ಲೇ ಅನಿಸಿತು. ಆದರೆ ಒಂದು ಮಾತು: ಆ ಹೊತ್ತಿಗೆ ಅಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಸೋತರೂ ಆ ಸೋಲು ಶುದ್ಧವಾಗಿರುತ್ತಿತ್ತು.

ಆಗ ಮಾವ ಎದ್ದರು. ಅವರಿಗೆ ತಂಗಿಯ ಗಂಡ ಎಲ್ಲರ ಮುಂದೆ ಸೋಲುವುದನ್ನು ನೋಡುವುದಾಗಲಿಲ್ಲ. ಪ್ರೀತಿಯಿಂದಲೇ ಎದ್ದರು. ಪ್ರೀತಿಯಿಂದ ಮಾಡಿದ ಕೇಡಿಗೆ ಯಾರನ್ನು ಬೈಯುವುದು?

“ಸಭಿಕರೇ, ನಮ್ಮ ವ್ಯಾಖ್ಯಾನಕಾರರು ಸಂಕೋಚದ ಸ್ವಭಾವದವರು. ತಮ್ಮ ಶೋಧದ ಮಹತ್ವವನ್ನು ತಾವೇ ಹೇಳಿಕೊಳ್ಳಲಾರರು. ಆದ್ದರಿಂದ ನಾನು ಹೇಳುತ್ತೇನೆ. ಈ ಹುಳದ ಎಣ್ಣೆಯನ್ನು ನಮ್ಮ ಹಕೀಮರು ಲಕ್ವಾ ರೋಗಕ್ಕೆ ಕೊಡುತ್ತ ಬಂದಿದ್ದಾರೆ. ಶಾಸ್ತ್ರೀಯವಾಗಿ ಅಭ್ಯಾಸ ನಡೆದರೆ ನಾಳೆ ಈ ಪಟ್ಟಿಯಿಂದಲೇ ಆ ಭಯಂಕರ ರೋಗಕ್ಕೆ ರಾಮಬಾಣದಂಥ ಔಷಧ ಹೊರಡಬಹುದು. ಹಸಿದ ಹೊಟ್ಟೆಯ ದೇಶಕ್ಕೆ ರೋಗದ ಮೈಯೂ ಇದೆಯೆಂಬುದನ್ನು ಮರೆಯಬೇಡಿ!”

ಏನು ಚಪ್ಪಾಳೆ! ಹೆಬ್ಬಳ್ಳಿಯವರು ಎದ್ದು ನಿಂತು ತಟ್ಟಿದರು. ತಂದೆಯವರು ಕುರ್ಚಿಯಿಂದ ಅರ್ಧ ಎದ್ದವರು ಅಲ್ಲೇ ನಿಂತುಹೋದರು. ಅಧ್ಯಕ್ಷರು ಸಮಾರೋಪದ ಮಾತು ಆಡಿದ ಮೇಲೆ ಸಭೆಯಲ್ಲಿ ಮತ್ತಾರೂ ಬಾಯಿ ತೆರೆಯುವಂತಿಲ್ಲ, ಅದು ನಮ್ಮೂರಿನ ಪದ್ಧತಿ. ಎಷ್ಟೋ ವರ್ಷ ಎಷ್ಟೋ ಸಭೆಗಳಲ್ಲಿ ಪಾಲಿಸಿ ಬಂದ ಪದ್ಧತಿ. ಅದನ್ನು ಮುರಿಯುವುದು ತಂದೆಯವರ ರಕ್ತದಲ್ಲೇ ಇರಲಿಲ್ಲ. ಅವರು ಕೂತರು. ಆ ಕೂತದ್ದು ನನಗೆ ಇನ್ನೂ ಸಿಟ್ಟು ತರಿಸುತ್ತದೆ, ಅವರ ಮೇಲೂ, ನಮ್ಮೂರಿನ ಸಭ್ಯತೆಯ ಮೇಲೂ.

ಗದ್ದಲದಲ್ಲಿ ಕಾಕಾ ಬಂದು ತಂದೆಯವರ ಎರಡೂ ಕೈ ಹಿಡಿದುಕೊಂಡರು. “ಹಿಂಗಂತ ಮೊದಲ ಯಾಕ ಹೇಳಿಲ್ರಿ ಮಾಸ್ತರ?” ಎಂದರು. ತಂದೆಯವರು ಮಾತು ಹೊಂದಿಸಿಕೊಳ್ಳುವುದರೊಳಗೆ ಹೆಬ್ಬಳ್ಳಿಯವರು ಕಾಕಾನನ್ನು ಚಕ್ಕಡಿ ಹತ್ತಿಸಿಕೊಂಡು ಹೋದರು.

ಮನೆಯ ದಾರಿಯಲ್ಲಿ ತಂದೆಯವರು ಮಾವನನ್ನು ಕೇಳಿದರು: “ಹಿಂಗ ಯಾಕ ಹೇಳಿದ್ರಿ? ಅದು ಸುಳ್ಳು.”

“ಸುಳ್ಳಲ್ಲಪಾ, ಆಶಾ ಅದು. ಹೊಲಾ ಉಳೀತೋ ಇಲ್ಲೋ?”

ಉಳಿಯಿತು. ಕಚೇರಿಯವರು ಕೂಡ ಔಷಧದ ಹೊಲವೆಂದು ಸುಮ್ಮನಾದರು. ಮುಂದಿನ ರವಿವಾರ ತಂದೆಯವರು ನಿಜ ಹೇಳಿಬಿಡಬೇಕೆಂದು ಹೆಬ್ಬಳ್ಳಿಗೆ ಹೊರಟರು, ನಾನೂ ಹೋದೆ. ಪಡಸಾಲೆಯಲ್ಲಿ ಕಾಕಾ ಹೆಂಡತಿಯ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದರು. ಬಾಯಿಯ ಒಂದು ಕಡೆಯಿಂದ ಸೋರುವುದನ್ನು ಧೋತರದ ಚುಂಗಿನಿಂದ ಒರೆಸುತ್ತ, “ಇನ್ನೇನ ಮಿರಗ ಬಂತು, ತಡಿ, ಮಾಸ್ತರ ಮಾಡ್ತಾರ,” ಎನ್ನುತ್ತಿದ್ದರು. ತಂದೆಯವರು ಹೊಸ್ತಿಲಲ್ಲೇ ನಿಂತರು. ಕುಶಲ ಕೇಳಿದರು, ನೀರು ಕುಡಿದರು, ಎದ್ದರು. ತಿರುಗಿ ಬರುವಾಗ, “ಮಳಿ ಆಗಲಿ, ಆಮ್ಯಾಲೆ ಹೇಳ್ತೇನಿ,” ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಮಿರಗದ ಮಳೆ ಒಂದು ಸಂಜೆ ಗುಡುಗಿನೊಂದಿಗೆ ಬಂತು. ಬೆಳಿಗ್ಗೆ ತಂದೆಯವರು ಪಟ್ಟಿಯ ಕಡೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗಲೇ ಬಾಗಿಲಲ್ಲಿ ಚಕ್ಕಡಿ ನಿಂತಿತು. ಕಾಕಾ ಇಳಿದರು. ಮೊಣಕಾಲವರೆಗೆ ಎರೆ ಮಣ್ಣು. ಎದೆಗೆ ಅವಚಿಕೊಂಡ ತಾಮ್ರದ ಕೊಡ, ಬಾಯಿಗೆ ಒದ್ದೆ ಅರಿವೆ ಕಟ್ಟಿದ್ದು.

“ಒಂದೂ ಬಿಟ್ಟಿಲ್ರಿ ಮಾಸ್ತರ! ಬೆಳಗಾಗೂದ್ರಾಗ ಊರ ಮಂದಿ ಎಲ್ಲಾ ಬಂದಿದ್ರು, ನಾ ಯಾರಿಗೂ ಕರದಿಲ್ಲ. ಬ್ಯಾರೆ ಹೊಲದ್ದು ಒಂದೂ ಕೂಡಿಸಿಲ್ಲ, ನಿಮ್ಮ ಪಟ್ಟೀದ ಅಷ್ಟ. ತೊಗೋರಿ. ಲಗೂ ಮಾಡ್ರಿ.”

ತಂದೆಯವರು ಅಂಗಳದಲ್ಲಿ ಧೋತರ ಹಾಸಿ ಕೊಡವನ್ನು ಮೆಲ್ಲಗೆ ಬಗ್ಗಿಸಿದರು. ಕೆಂಪು ರಾಶಿ ಬಿತ್ತು. ಒಂದರ ಮೇಲೊಂದು ಒತ್ತಿ ಬಹಳಷ್ಟು ಸತ್ತಿದ್ದವು. ಕೆಲವು ಕಾಲಾಡಿಸುತ್ತಿದ್ದವು. ಆ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಬೊಟ್ಟು ಕಂಡಿತು. ಮೊದಲು ಕಂಡವಳು ನಾನು, ಕೂಗಿದವಳೂ ನಾನೇ. ತಂದೆಯವರು ಬಗ್ಗಿ ನೋಡಿದರು. ವರ್ಷವಿಡೀ ಕಾದ ಉತ್ತರ ಬಂದಿತ್ತು, ಆದರೆ ಅರ್ಧ ಬಂದಿತ್ತು. ಅವು ಬದುಕಿದ್ದವು. ಎಲ್ಲಿ ಎದ್ದವು, ಯಾವ ಕಲ್ಲಿನ ಪಕ್ಕ, ಬೊಟ್ಟು ಇಟ್ಟ ಜಾಗದಲ್ಲೋ ದೂರದಲ್ಲೋ, ಅದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಎಲ್ಲವನ್ನೂ ಒಂದೇ ಕೊಡದಲ್ಲಿ ತುಂಬಿ ತಂದಿದ್ದರು.

“ಗೌಡ್ರ,” ಎಂದರು ತಂದೆಯವರು, ಕೂತಲ್ಲಿಂದಲೇ. “ಔಷಧ ಇಲ್ರಿ. ನನಗ ಔಷಧ ಮಾಡ್ಲಿಕ್ಕೆ ಬರೂದಿಲ್ಲ. ಇದರಾಗ ಔಷಧ ಅದನೋ ಇಲ್ಲೋ, ಅದೂ ಗೊತ್ತಿಲ್ಲ. ಅವತ್ತ ಅಂದದ್ದು ನನ್ನ ಮಾತಲ್ರಿ.”

ಕಾಕಾ ಖಾಲಿ ಕೊಡವನ್ನು ಎತ್ತಿ ಅದರ ಒದ್ದೆ ಅರಿವೆ ಹಿಂಡಿದರು.

“ನೀವು ಸುಮ್ಮನ ಕುಂತಿದ್ರಿ,” ಎಂದರು.

“ಅಧ್ಯಕ್ಷರು ಮಾತಾಡಿದ ಮ್ಯಾಲೆ...” ಎಂದು ತಂದೆಯವರು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಬೆಳಗಿನಿಂದ ಹೊಲದಲ್ಲಿ ಬಗ್ಗಿ ಹುಳ ಆರಿಸಿದ ಮನುಷ್ಯನಿಗೆ ಸಭೆಯ ಪದ್ಧತಿ ಹೇಳುವುದು ಹೇಗೆ?

ಆಮೇಲೆ ತಂದೆಯವರು ಬೊಟ್ಟಿದ್ದ, ಇನ್ನೂ ಹರಿದಾಡುತ್ತಿದ್ದ ಒಂದು ಹುಳವನ್ನು ಕಡ್ಡಿಪೆಟ್ಟಿಗೆಗೆ ಹಾಕಿಕೊಂಡು, ಕೇಳದೆಯೇ ಚಕ್ಕಡಿ ಹತ್ತಿದರು. ನಾನು ಹಿಂದೆ ಹತ್ತಿದೆ.

ತಂದೆಯವರು ಕಾಕುವಿನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಅವರ ಎಡಗೈ ತೆರೆದು ಹುಳವನ್ನು ಅಂಗೈಯಲ್ಲಿ ಬಿಟ್ಟರು.

“ಅವ್ವಾರ, ನೋಡ್ರಿ. ಹೋದ ವರ್ಷ ನಿಮ್ಮ ಮುಂದ ಬೊಟ್ಟು ಇಟ್ಟಿದ್ದೆ. ಅದ ಇದು. ಸತ್ತಿಲ್ಲ. ನೀವು ಕೇಳಿದ್ರಿ, ಉಳದ ದಿನಾ ಎಲ್ಲಿ ಇರ್ತಾವ ಅಂತ. ಒಳಗ ಇದ್ದು ಮತ್ತ ಬಂದಾವ್ರಿ. ಎಷ್ಟ ಆಳ, ಎಲ್ಲಿ, ಅದು ತಿಳೀಲಿಲ್ಲ. ಇಷ್ಟ ತಿಳೀತು.”

ಕಾಕು ಹುಳವನ್ನು ನೋಡಿದರು. ಅದು ಬೆರಳ ಬುಡ ಹತ್ತಿ ಇಳಿಯಿತು. ಅವರ ಮುಖದ ಎಡಭಾಗ ನಕ್ಕಿತು. ಅರ್ಧ ಉತ್ತರಕ್ಕೆ ಅರ್ಧ ಮುಖದ ನಗು. ನಾನು ಅಳು ತಡೆಯಲಾರದೆ ಹೊರಗೆ ಬಂದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ತಂದೆಯವರು ಹುಳವನ್ನು ಮತ್ತೆ ಕಡ್ಡಿಪೆಟ್ಟಿಗೆಗೆ ಹಾಕಿಕೊಂಡು ಹೊರಗೆ ಬಂದಾಗ ಅವರು ತಲೆ ಎತ್ತಲಿಲ್ಲ.

“ಬಿದ್ದಾಗಿಂದ ಆಕಿ ನಕ್ಕಿದ್ದಿಲ್ಲ,” ಎಂದರು. “ಮಾಸ್ತರ, ನಾ ಎಂದರ ಕೇಳಿದ್ನೇನ್ರಿ ನಿಮಗ, ಉಪಯೋಗ ಏನಂತ? ಆಕಿ ಕೇಳಿದ್ಲು, ನೀವು ಹುಡಕಾಕತ್ತಿದ್ರಿ. ನನಗ ಅಷ್ಟ ಸಾಕಾಗಿತ್ತು. ಬ್ಯಾಡಾದ ಆಶಾ ಹಚ್ಚಿದವ್ರು ನೀವು. ಇನ್ನ ಆ ಪಟ್ಟಿ ಕಣ್ಣಿಲೆ ನೋಡಾಕ ನನ್ನ ಕಡೆ ಆಗೂದಿಲ್ರಿ.”

ಆ ವಾರವೇ ಪಟ್ಟಿಗೆ ನೇಗಿಲು ಹೂಡಿದರು. ಕಲ್ಲಿನ ಸಾಲುಗಳನ್ನು ಆರಿಸಿ ಹಳ್ಳಕ್ಕೆ ಎಸೆದರು. ಶ್ರಾವಣದಲ್ಲಿ ಕಾಕು ತೀರಿಕೊಂಡರು. ತಂದೆಯವರು ಮಣ್ಣು ಕೊಡಲು ಹೋಗಿ ಬಂದರು. ಮಾವ ನಮ್ಮ ಮನೆಯಲ್ಲಿ ಕೂತು, “ನಾ ಒಳ್ಳೇದಕ್ಕ ಹೇಳಿದೆ,” ಎಂದು ಮತ್ತೆ ಮತ್ತೆ ಅಂದರು. ಯಾರೂ ಅವರಿಗೆ ಎದುರಾಡಲಿಲ್ಲ, ಒಳ್ಳೆಯದಕ್ಕೇ ಹೇಳಿದ್ದರು.

ದೀಪಾವಳಿಯ ಹಟ್ಟಿಹಬ್ಬದ ಹೊತ್ತಿಗೆ ಆ ಪಟ್ಟಿಯ ಜೋಳ ಬಂತು. ಬೀಳು ಬಿಟ್ಟ ನೆಲ, ತೆನೆ ತುಂಬಿ ಬಂದಿತ್ತಂತೆ. ಕಾಕಾ ಅದನ್ನು ಮಾರಲಿಲ್ಲ. ಊರಲ್ಲಿ ಹಂಚಿದರು, ಗರಗದ ಆ ಮುದುಕರ ಮನೆಗೂ ಕಳಿಸಿದರು, ನಮಗೂ ಒಂದು ಚೀಲ ಬಂತು. ತಾಯಿ ರೊಟ್ಟಿ ಬಡಿದಳು. ನಾವು ತಿಂದೆವು. ಹಸಿವಿತ್ತು, ರುಚಿಯಾಗಿತ್ತು. ಆ ರೊಟ್ಟಿ ಬೇಡವಾಗಿತ್ತೆಂದು ನಾನು ಇವತ್ತೂ ಹೇಳಲಾರೆ. ವಿಜ್ಞಾನದ ಪರವಾಗಿ ಮಾತಾಡುವವರು ಆ ಮುದುಕರ ಮೊಮ್ಮಕ್ಕಳನ್ನು ಮರೆತು ಮಾತಾಡಿದರೆ ನನಗೆ ಅದೂ ಸೇರುವುದಿಲ್ಲ. ಆದರೆ ಉಪಯೋಗದ ಆಸೆ ತೋರಿಸಿ ಉಳಿಸಿಕೊಂಡ ಕೆಲಸ ಆ ಆಸೆ ಒಡೆದ ದಿನವೇ ಸಾಯುತ್ತದೆ, ಜೊತೆಗೆ ಮೊದಲಿದ್ದ ಪ್ರೀತಿಯನ್ನೂ ಕರೆದುಕೊಂಡು ಹೋಗುತ್ತದೆ. ಏನೂ ಕೇಳದೆ ಹೊಲ ಬಿಟ್ಟವನೊಬ್ಬ ನಮ್ಮಲ್ಲಿದ್ದ. ಅವನನ್ನು ನಾವು ಗಿರಾಕಿಯನ್ನಾಗಿ ಮಾಡಿದೆವು.

ಮರುವರ್ಷ ಮಿರಗದ ಮಳೆಯಾದ ಮೇಲೆ ಗರಗದ ಮುದುಕರು ನೂಲಿನ ಗಂಟು ಹೊತ್ತು ಧಾರವಾಡಕ್ಕೆ ಬಂದವರು ನಮ್ಮ ಮನೆ ಹುಡುಕಿಕೊಂಡು ಬಂದರು. ಮಗ ಬಿಡುಗಡೆಯಾಗಿ ಬಂದಿದ್ದಾನೆ ಎಂದರು. ಗಂಟು ಇಳಿಸಿ, ಕಟ್ಟೆಯ ಮೇಲೆ ಕೂತು, ತಾಯಿ ಕೊಟ್ಟ ನೀರು ಕುಡಿದರು.

“ಮಾಸ್ತರ, ಗೌಡ್ರ ಜೋಳಾ ಬಂತ್ರಿ. ಹುಡುಗ್ರು ಹೊಟ್ಟಿ ತುಂಬ ಉಂಡ್ರು, ನಾನೂ ಉಂಡೆ. ಈಗ ಕೇಳಾಕ ಬಂದೇನಿ. ಎಲ್ಲಿ ಇರ್ತಾವ್ರಿ ಅವು, ಉಳದ ದಿನಾ?”

ತಂದೆಯವರು ಎದ್ದು ಒಳಗೆ ಹೋದರು. ಕಡ್ಡಿಪೆಟ್ಟಿಗೆ ತಂದು ತೆರೆದು ತೋರಿಸಿದರು. ಒಳಗೆ ಬೊಟ್ಟಿನ ಹುಳ ಒಣಗಿ ಬಣ್ಣ ಕಳೆದುಕೊಂಡು ಬಿದ್ದಿತ್ತು.

“ಪಟ್ಟಿ ಉಳದಿದ್ರ, ಹೋದ ವರ್ಷ ಮತ್ತ ಬೊಟ್ಟು ಇಟ್ಟು, ಈ ವರ್ಷ ತಿಳೀಬೇಕಾಗಿತ್ರಿ,” ಎಂದರು.